140 ಟೇಬಲ್, ಒಂದಕ್ಕೂ ವಿವರಣೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಗೋದಾಮಿನ ಲೆಕ್ಕದ ಹಳೇ ಡೇಟಾಬೇಸ್ ಒಂದು ನನ್ನ ತಲೆಗೆ ಬಂದಿದೆ. ಮೈಎಸ್‌ಕ್ಯೂಎಲ್ 5.7. ಇಷ್ಟು ವರ್ಷದಲ್ಲಿ ನಾಲ್ಕೈದು ಜನ ಕೈಯಾಡಿಸಿದ್ದಾರೆ, ಯಾರೂ ಒಂದು ಸಾಲು ಬರೆದಿಟ್ಟಿಲ್ಲ. ಸ್ಟಾಕ್, ಸ್ಟಾಕ್_ನ್ಯೂ, ಸ್ಟಾಕ್_ನ್ಯೂ2 ಅಂತೆಲ್ಲ ಹೆಸರುಗಳು. ಡಿಬೀವರ್‌ನಲ್ಲಿ (ಡೇಟಾಬೇಸ್ ನೋಡುವ ಟೂಲ್) ಇಆರ್ ಡಯಾಗ್ರಾಂ, ಅಂದರೆ ಟೇಬಲ್‌ಗಳ ಸಂಬಂಧ ತೋರಿಸುವ ಚಿತ್ರ ತೆಗೆದರೆ ಬರೀ ಡಬ್ಬಿಗಳು, ನಡುವೆ ಒಂದು ಗೆರೆಯೂ ಇಲ್ಲ. ಟೂಲ್ ಕೈಕೊಟ್ಟಿದೆಯಾ?

ಉತ್ತರ 1:
ಟೂಲ್ ಸರಿಯಾಗೇ ಇದೆ ಸರ್. ಅದು ಫಾರಿನ್ ಕೀ (ಒಂದು ಟೇಬಲ್‌ನ ಕಾಲಂ ಇನ್ನೊಂದು ಟೇಬಲ್‌ಗೆ ಕೊಂಡಿ ಅಂತ ಹೇಳುವ ನಿಯಮ) ನೋಡಿ ಗೆರೆ ಎಳೆಯುತ್ತದೆ. ಡೇಟಾಬೇಸ್ ತನ್ನ ಟೇಬಲ್‌ಗಳ ವಿವರ ಇಡುವ ಇನ್ಫರ್ಮೇಷನ್ ಸ್ಕೀಮಾದ ಟೇಬಲ್ಸ್‌ನಲ್ಲಿ ಎಂಜಿನ್ (ಡೇಟಾ ಶೇಖರಿಸುವ ಬಗೆ) ಕಾಲಂ ನೋಡಿ, ಮೈಐಸಾಮ್ ಇರಬೇಕು. 5.5ಕ್ಕೆ ಮುಂಚೆ ಅದೇ ಡೀಫಾಲ್ಟ್ ಆಗಿತ್ತು. ಫಾರಿನ್ ಕೀ ಬರೆದರೂ ಅದು ಸುಮ್ನೆ ನುಂಗಿಬಿಡುತ್ತದೆ, ಎರರ್ ಕೂಡ ಕೊಡುವುದಿಲ್ಲ. ಹಾಗಂತ ಈಗಲೇ ಫಾರಿನ್ ಕೀ ಪಾಲಿಸುವ ಇನ್ನೋಡಿಬಿ ಎಂಜಿನ್‌ಗೆ ಬದಲಾಯಿಸಲು ಹೋಗಬೇಡಿ, ಅದು ಬೇರೆಯೇ ತಲೆನೋವು.

ಸ್ಕೀಮಾಸ್ಪೈ ಅನ್ನೋ ಟೂಲ್ ಓಡಿಸಿ. ಕಾಲಂ ಹೆಸರು ಮತ್ತು ಟೈಪ್ ತಾಳೆ ನೋಡಿ ಸಂಬಂಧ ಊಹಿಸುತ್ತದೆ. ಊಹೆಯನ್ನು ಹಾಗೇ ನಂಬಬೇಡಿ. ಎರಡೂ ಟೇಬಲ್‌ಗೆ ಲೆಫ್ಟ್ ಜಾಯಿನ್ ಹಾಕಿ, ಜೋಡಿ ಸಿಗದ ಸಾಲು ಎಷ್ಟಿವೆ ಎಣಿಸಿ. ಬೆರಳೆಣಿಕೆಯಷ್ಟಿದ್ದರೆ ಸಂಬಂಧ ನಿಜ ಇರಬಹುದು. ಅರ್ಧಕ್ಕರ್ಧ ಇದ್ದರೆ ಬಿಟ್ಟುಬಿಡಿ.

ಉತ್ತರ 2:
ಅದಕ್ಕೂ ಮೊದಲು ಯಾವ ಟೇಬಲ್ ಬದುಕಿದೆ ನೋಡಿ. 140ಕ್ಕೂ ಬರೆಯಲು ಕೂತರೆ ನಡುವೆಯೇ ಸಾಕಾಗಿಬಿಡುತ್ತದೆ. ಮೈಎಸ್‌ಕ್ಯೂಎಲ್ ಜೊತೆಗೇ ಬರುವ ಸಿಸ್ ಸ್ಕೀಮಾದ ಸ್ಕೀಮಾ_ಟೇಬಲ್_ಸ್ಟಾಟಿಸ್ಟಿಕ್ಸ್‌ನಲ್ಲಿ ಓದಿದ್ದು, ಬರೆದದ್ದು ಎರಡರ ಲೆಕ್ಕವೂ ಇದೆ. ಆದರೆ ಸರ್ವರ್ ರೀಸ್ಟಾರ್ಟ್ ಆದರೆ ಲೆಕ್ಕ ಸೊನ್ನೆಯಿಂದ ಶುರು. ಮಾರ್ಚ್ ಲೆಕ್ಕದ ಹೊತ್ತಿಗೆ ಮಾತ್ರ ಏಳುವ ಟೇಬಲ್ ಕೂಡ ಇರುತ್ತದೆ, ಸತ್ತಿದೆ ಅಂತ ಅಳಿಸಿಬಿಟ್ಟೀರಿ!

ತಿಳಿದದ್ದನ್ನು ಕಾಲಂ ಕಾಮೆಂಟ್‌ನಲ್ಲೇ (ಡೇಟಾಬೇಸ್ ಒಳಗೇ ಉಳಿಯುವ ಟಿಪ್ಪಣಿ) ಬರೆಯಿರಿ. ಬೇರೆ ಎಕ್ಸೆಲ್ ಫೈಲ್ ಮಾಡಿದರೆ ಅದೂ ಕಳೆದುಹೋಗುತ್ತದೆ.

ಪ್ರಶ್ನೆ ಕೇಳಿದವರು:
ಕಾಮೆಂಟ್ ಹಾಕಿದ ಮೇಲೆ ಹೊಸ ಸಾಲು ಸೇರುತ್ತಿಲ್ಲ. ಎರರ್ 1364, ಐಡಿಗೆ ಡೀಫಾಲ್ಟ್ ಇಲ್ಲ ಅಂತಿದೆ. ಪುಣ್ಯಕ್ಕೆ ಟೆಸ್ಟ್ ಕಾಪಿ.

ಉತ್ತರ 2:
ಆಲ್ಟರ್ ಟೇಬಲ್ ಮಾಡಿಫೈ ಬಳಸಿದಿರಿ ಅಲ್ವಾ? ಅದು ಕಾಲಂ ಅನ್ನು ಪೂರ್ತಿ ಹೊಸದಾಗಿ ಬರೆಯುತ್ತದೆ. ನೀವು ಆಟೋ ಇಂಕ್ರಿಮೆಂಟ್ (ಐಡಿ ತಾನಾಗೇ ಏರಲಿ ಅನ್ನುವ ಸೂಚನೆ) ಬರೆಯದೇ ಇದ್ದರೆ ಅದು ಹೋಯಿತು. ನಾಟ್ ನಲ್ (ಖಾಲಿ ಬಿಡಬಾರದು ಅನ್ನುವ ನಿಯಮ), ಡೀಫಾಲ್ಟ್‌ಗಳ ಗತಿಯೂ ಅಷ್ಟೇ. ಮೂಲ ಟೇಬಲ್‌ಗೆ ಶೋ ಕ್ರಿಯೇಟ್ ಟೇಬಲ್ ಕೊಟ್ಟು, ಅದು ತೋರಿಸುವ ಆ ಕಾಲಂನ ಸಾಲನ್ನು ಹಾಗೇ ಕಾಪಿ ಮಾಡಿ, ಕೊನೆಗೆ ಕಾಮೆಂಟ್ ಸೇರಿಸಿ.

ಪ್ರಶ್ನೆ ಕೇಳಿದವರು:
ಸರಿಹೋಯಿತು, ಥ್ಯಾಂಕ್ಸ್. ಮೂರು ಸ್ಟಾಕ್‌ಗಳಲ್ಲಿ ನಿಜವಾಗಿ ಓಡುತ್ತಿರುವುದು ಹಳೇ ಸ್ಟಾಕ್! ಅದರ ಸ್ಟೇಟಸ್ ಕಾಲಂನಲ್ಲಿ 1, 2, 3 ಜೊತೆಗೆ 9 ಇತ್ತು. ಕೋಡ್‌ನಲ್ಲಿ ಎಲ್ಲೂ ಅರ್ಥ ಸಿಗಲಿಲ್ಲ. ಕೊನೆಗೆ ಗೋದಾಮಿನ ಹಿರಿಯರೊಬ್ಬರನ್ನು ಕೇಳಿದೆ. "ಇಲಿ ಕಚ್ಚಿದ ಮೂಟೆ" ಅಂದರು. ಹಾಗೇ ಕಾಮೆಂಟ್ ಹಾಕಿದ್ದೇನೆ.