ಸ್ಲ್ಯಾಂಟಿನಿಂದ 500 ಲೀಟರ್ ಬ್ಯಾಚಿಗೆ ಯೀಸ್ಟ್ ಬೆಳಸೂದು ಹೆಂಗ?

ಕುಂದಾನಗರಿ_ಬ್ರೂ:
ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಾವ್ಯಾಗ ಒಂದು ಸಣ್ಣ ಬ್ರೂವರಿ ನೋಡ್ಕೋತೀನಿ, 500 ಲೀಟರ್ ಬ್ಯಾಚು. ಇಷ್ಟ ದಿನ ಒಣ ಯೀಸ್ಟಿನ ಅರ್ಧ ಕೆಜಿ ಪ್ಯಾಕೆಟ್ ಒಡದು ಹಾಕೂದು, ಮುಗೀತು. ಈಗ ಮಾಲಕರು ಗೋಧಿ ಬಿಯರಿಗೆ ಬ್ಯಾರೇನ ಒಂದು ತಳಿ ತರಿಸ್ಯಾರ, ಬಂದಿದ್ದು ಸ್ಲ್ಯಾಂಟ್, ಅಂದ್ರ ಬಟ್ಟಿನಷ್ಟು ಟ್ಯೂಬಿನ್ಯಾಗ ಅಗರ್ (ಜೆಲ್ಲಿಯಂಥಾದ್ದು) ಮ್ಯಾಲ ಕೆನಿಬಣ್ಣದ ಒಂದು ಗೀಟು, ಅಷ್ಟ. ಇದನ್ನ 500 ಲೀಟರಿಗೆ ಸಾಲೂವಷ್ಟು ಮಾಡೂದು ಹೆಂಗ್ರಿ? ಸೀದಾ 20 ಲೀಟರ್ ಕ್ಯಾನಿಗೆ ಹಾಕಿಬಿಟ್ರ ನಡೀತೈತೇನು? ಮಾಲಕರು "ಮೊಸರಿಗೆ ಹೆಪ್ಪ ಹಾಕಿದಂಗ ಅಲ್ಲೇನೋ" ಅಂತಾರ. ನಮ್ಮ ಕಡೆ ಇರೂದು ಪ್ರೆಶರ್ ಕುಕ್ಕರ್, ಒಂದು ಹಳೇ ಮೈಕ್ರೋಸ್ಕೋಪ್, 50 ಲೀಟರಿಂದು ಖಾಲಿ ಕೆಗ್ (ಬಿಯರ್ ತುಂಬೂ ಪೀಪಾಯಿ). ಹೊಸಾ ಸಾಮಾನಿಗೆ ರೊಕ್ಕ ಕೇಳಿದ್ರ ಮುಖ ನೋಡಾಕ ಆಗೂದಿಲ್ಲ, ಹಂಗಾಗಿ ಇದ್ದದ್ದರಾಗ ಹೇಳ್ರಿ.

ಮೊಲ್ಯಾಸಿಸ್_ಕಾಕಾ:
ಸೀದಾ 20 ಲೀಟರಿಗೆ ಹಾಕಬ್ಯಾಡ್ರಿ ತಮ್ಮಾ. ನಾನು ಸಕ್ಕರಿ ಫ್ಯಾಕ್ಟರಿ ಡಿಸ್ಟಿಲರಿಯಾಗ ಫರ್ಮೆಂಟೇಶನ್ ನೋಡಿದಾಂವ, ಅಲ್ಲೆ ಕಾಕಂಬಿ ಇಲ್ಲೆ ಮಾಲ್ಟು ಅನ್ನೂದು ಬಿಟ್ರ ತತ್ವ ಒಂದ. ಒಂದ ಚಿಟಿಕಿ ಯೀಸ್ಟ್ ಅಷ್ಟು ದೊಡ್ಡ ನೀರಿಗೆ ಬಿತ್ತಂದ್ರ ಅದು ಏಳೂದ್ರಾಗ ಬ್ಯಾಕ್ಟೀರಿಯಾ ಊಟ ಮುಗಿಸಿರ್ತಾವ. ಅದಕ್ಕ ಮೆಟ್ಟಲಾ ಮೆಟ್ಟಲಾ ಏರಬೇಕು, ಪ್ರತಿ ಸಲ ಹೆಚ್ಚಂದ್ರ ಹತ್ತು ಪಟ್ಟು. ವರ್ಟ್, ಅಂದ್ರ ಮಾಲ್ಟಿನ ಸಿಹಿ ರಸ, ಮೊದಲ 10 ಎಂಎಲ್, 100 ಎಂಎಲ್, 1 ಲೀಟರ್, ಮುಂದ 5-10 ಲೀಟರ್, ಆಮ್ಯಾಲ ನಿಮ್ಮ ಕೆಗ್. ಒಂದೊಂದಕ್ಕ ಒಂದರಿಂದ ಎರಡು ದಿನ ಹಿಡೀರಿ, ಉಷ್ಣತೆ 20-25 ಡಿಗ್ರಿ.

ಕೆಗ್ ತನಕ ಯಾಕ ಹೋಗಬೇಕಂದ್ರ ಲೆಕ್ಕ ನೋಡ್ರಿ. ಏಲ್ ಜಾತಿಗೆ (ನಿಮ್ಮ ಗೋಧಿ ಬಿಯರೂ ಅದರಾಗ ಬರ್ತೈತಿ) ಒಂದು ಎಂಎಲ್‌ಗೆ, ಒಂದು ಡಿಗ್ರಿ ಪ್ಲೇಟೋಗೆ (ವರ್ಟಿನ ಸಕ್ಕರಿ ಅಳತಿ) ಏಳೂವರಿ ಲಕ್ಷ ಸೆಲ್ ಅಂತ ಹಿಡೀತಾರ. ನಿಮ್ಮ ವರ್ಟ್ 12 ಪ್ಲೇಟೋ ಅಂದ್ರ ಎಂಎಲ್‌ಗೆ 90 ಲಕ್ಷ, 500 ಲೀಟರಿಗೆ ನಾಲ್ಕೂವರಿ ಲಕ್ಷ ಕೋಟಿ. ಛಲೋತ್ನಂಗ ಗಾಳಿ ಕೊಟ್ಟು ಬೆಳಸಿದ್ರ ಎಂಎಲ್‌ಗೆ ಸುಮಾರು 10 ಕೋಟಿ ಬರ್ತಾವ, ಅಂದ್ರ 45-50 ಲೀಟರ್ ಬೇಕ ಬೇಕು. ಬ್ಯಾಚಿನ ಹತ್ತನೇ ಒಂದು ಪಾಲು ಅಂತ ನೆನಪಿಟ್ಕೊಂಡ್ರ ಸಾಕು.

ಇನ್ನ ಗಾಳಿ ವಿಷಯ. ನೀವು ಇಲ್ಲೆ ಬಿಯರ್ ಮಾಡಾಕತ್ತಿಲ್ಲ, ಯೀಸ್ಟ್ ಮಾಡಾಕತ್ತೀರಿ, ಸ್ಟಾರ್ಟರ್, ಅಂದ್ರ ಹಿಂಗ ಯೀಸ್ಟ್ ಬೆಳಸಿದ ವರ್ಟ್, ಅದರ ರುಚಿ ನೋಡಿ ಮುಖ ಕಿವಿಚಬ್ಯಾಡ್ರಿ. ಆಕ್ಸಿಜನ್ ಇಲ್ಲಾಂದ್ರ ಯೀಸ್ಟಿಗೆ ಸ್ಟೆರಾಲು ಮಾಡ್ಕೊಳ್ಳಾಕ ಬರೂದಿಲ್ಲ, ಸ್ಟೆರಾಲು ಇಲ್ಲಾಂದ್ರ ಮರಿ ಸೆಲ್ಲಿಗೆ ಪೊರೆ ಇಲ್ಲ, ಎರಡು ಮೂರು ಮರಿಗೆ ಅದರ ಕತಿ ಮುಗೀತೈತಿ. ಮೀನಿನ ಟ್ಯಾಂಕಿನ ಪಂಪಿಗೆ 0.2 ಮೈಕ್ರಾನ್ ಫಿಲ್ಟರ್ ಹಚ್ಚಿದ್ರ ನಡೀತೈತಿ. ಹಂಗಂತ ಗಾಳಿ ಕೊಟ್ರ ಮದ್ಯ ಆಗೂದಿಲ್ಲ ಅಂತ ತಿಳೀಬ್ಯಾಡ್ರಿ, ಸಕ್ಕರಿ ಇಷ್ಟಿದ್ದಾಗ ಆಕ್ಸಿಜನ್ ಇದ್ರೂ ಅದು ಮದ್ಯಾನ ಮಾಡ್ತೈತಿ. ಬ್ರೆಡ್ ಯೀಸ್ಟಿನವ್ರು ಅದಕ್ಕ ಸಕ್ಕರಿ ಸ್ವಲ್ಪ ಸ್ವಲ್ಪ ಬಿಡ್ತಾರ, ನಿಮಗ ಆ ಉಸಾಬರಿ ಬ್ಯಾಡ.

ಲ್ಯಾಬಿನಾಕಿ_ಬಾಗಲಕೋಟಿ:
ಕಾಕಾರು ಹೇಳಿದ ಲೆಕ್ಕ ಖರೆ, ಆದ್ರ 10 ಕೋಟಿ ಬಂದಾವೋ ಇಲ್ಲೋ ಅಂತ ಎಣಿಸದ ಹಾಕಬ್ಯಾಡ್ರಿ ಅಣ್ಣಾರ. ಮೈಕ್ರೋಸ್ಕೋಪ್ ಐತೆಲ್ಲ, ಹಿಮೋಸೈಟೋಮೀಟರ್ (ಸೆಲ್ ಎಣಿಸಾಕ ಗೆರಿ ಹಾಕಿದ ಗಾಜಿನ ಹಲ್ಲೆ) ಒಂದು ತರ್ರಿ, ರಕ್ತದ ಲ್ಯಾಬಿಗೆ ಸಾಮಾನು ಮಾರೋರ ಕಡೆ ಸಿಗ್ತೈತಿ, ಭಾಳ ರೊಕ್ಕದ್ದಲ್ಲ. ಕೆಗ್ ಛಲೋತ್ನಂಗ ಅಳ್ಳಾಡಿಸಿ ಸ್ಯಾಂಪಲ್ ತೆಗದು ನೂರು ಪಟ್ಟು ತೆಳು ಮಾಡ್ರಿ, ಅದಕ್ಕ ಮಿಥಿಲೀನ್ ಬ್ಲೂ ಬಣ್ಣ ಹಾಕೂದಿದ್ರ ಅದನ್ನೂ ಆ ನೂರರಾಗ ಹಿಡೀರಿ. ಗಾಜಿನ ಹಲ್ಲೆ ಮ್ಯಾಲ ಕವರ್‌ಸ್ಲಿಪ್ ಇಟ್ಟು ಅಂಚಿಗೆ ಹನಿ ಮುಟ್ಟಿಸಿದ್ರ ತಾನ ಒಳಗ ಹರೀತೈತಿ. 400 ಪಟ್ಟಿನ್ಯಾಗ ಹಲ್ಲೆ ಸರಿಸ್ಕೋತ ನೋಡಿದ್ರ ನಡುವ 25 ಮನಿ ಕಾಣ್ತಾವ. ಆ 25ರಾಗ ಒಟ್ಟು 120 ಸೆಲ್ ಇದ್ವು ಅನ್ರಿ, ಅದಕ್ಕ ಹತ್ತು ಸಾವಿರ ಗುಣಿಸಿ ಮತ್ತ ನೂರು ಗುಣಿಸಿದ್ರ ಎಂಎಲ್‌ಗೆ 12 ಕೋಟಿ. ಗೆರಿ ಮ್ಯಾಲ ಕುಂತಾವನ್ನ ಮ್ಯಾಲಿಂದು ಮತ್ತ ಎಡದ್ದು ಅಷ್ಟ ಎಣಿಸ್ರಿ. ಮರಿ ತಾಯಿಯ ಅರ್ಧದಷ್ಟು ಆಗಿದ್ರ ಬ್ಯಾರೆ ಸೆಲ್, ಇಲ್ಲಾಂದ್ರ ತಾಯಿ ಲೆಕ್ಕದಾಗ.

ನೀಲಿ ಆಗಿದ್ದು ಸತ್ತಾವ, ಜೀವ ಇದ್ದಾವು ಬಣ್ಣ ಕರಗಿಸಿ ಬೆಳ್ಳಗ ಉಳೀತಾವ. ನೂರರಾಗ 90ಕ್ಕಿಂತ ಕಡಿಮಿ ಬದುಕಿದ್ವಂದ್ರ ನಾನಂತೂ ಹಾಕೂದಿಲ್ಲ.

ಮತ್ತ ಒಂದು, ಮಾಲ್ಟ್ ಬೀಸೋ ಖೋಲಿ ಹತ್ರ ಟ್ಯೂಬ್ ತೆಗೀಲೇಬ್ಯಾಡ್ರಿ, ಆ ಧೂಳಿನ್ಯಾಗ ಹುಳಿ ಮಾಡೂ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್ ತುಂಬಿರ್ತಾವ. ನಿಮ್ಮೂರಾಗ ಜುಲೈ ಮಳಿಗೆ ಗೋಡಿಗೆಲ್ಲ ಬೂಷ್ಟು ಹಿಡೀತೈತಿ, ಫ್ಯಾನ್ ಬಂದ್ ಮಾಡಿ, ಸ್ಪಿರಿಟ್ ದೀಪದ ಬಾಜೂಕ ಕೆಲಸ ಮಾಡ್ರಿ. ವರ್ಟ್ ಕುಕ್ಕರಿನ್ಯಾಗ 15 ಪಿಎಸ್‌ಐ ಒತ್ತಡಕ್ಕ 15-20 ನಿಮಿಷ. ಫ್ಲಾಸ್ಕಿನ ಬಾಯಿಗೆ ಹತ್ತಿ, ಮ್ಯಾಲ ಫಾಯಿಲ್. ಸ್ಪಿರಿಟ್ ಬಾಟ್ಲಿ ದೀಪದ ಹತ್ರ ಇಡಬ್ಯಾಡ್ರಿ ಮತ್ತ, ಹೇಳೂದು ಯಾಕಂದ್ರ ಇಡ್ತಾರ.

ದ್ರಾಕ್ಷಿ_ವಿಜಯಪುರ:
ನಂದೊಂದು ಬ್ಯಾರೆ ಅಭಿಪ್ರಾಯ ಅದ. ಇಷ್ಟೆಲ್ಲ ಪ್ರತಿ ಬ್ಯಾಚಿಗೆ ಮಾಡ್ಕೋತ ಕೂತ್ರ ಬಿಯರ್ ಯಾವಾಗ ಮಾಡ್ತೀರಿ? ಒಮ್ಮೆ ಬೆಳಸ್ರಿ, ಮುಂದ ಅದೇ ಫರ್ಮೆಂಟರಿನ ಸ್ಲರಿ, ಅಂದ್ರ ತಳಕ್ಕ ಕುಂತ ಯೀಸ್ಟಿನ ಗಸಿ, ತಗದು ಹಾಕ್ರಿ. ಗಟ್ಟಿ ಸ್ಲರಿ ಅಂದ್ರ ಎಂಎಲ್‌ಗೆ 100 ಕೋಟಿ ಹತ್ರ ಇರ್ತಾವ, ನಾಲ್ಕೈದು ಲೀಟರಿನ್ಯಾಗ ನಿಮ್ಮ ಬ್ಯಾಚ್ ಆಗ್ತದ. 2-4 ಡಿಗ್ರಿಯೊಳಗ ಇಟ್ಟು ಒಂದು ವಾರದಾಗ ಬಳಸ್ರಿ. ಐದಾರು ಸಲ ಆದ ಮ್ಯಾಲ ಮತ್ತ ಸ್ಲ್ಯಾಂಟಿಗೆ ಹೋಗ್ರಿ. ಖಾಲಿ ಪೇಲ್ ಏಲ್ ಒಂದ ಮಾಡೋರಾದ್ರ ಒಣ ಯೀಸ್ಟೇ ಛಲೋ ಅಂತಿದ್ದೆ, ಗೋಧಿ ಬಿಯರಿಗೆ ತಳಿ ಮ್ಯಾಲೇ ಎಲ್ಲಾ ನಿಂತದ, ಹಂಗಾಗಿ ನಿಮ್ಮ ಮಾಲಕರದ್ದು ತಪ್ಪಿಲ್ಲ. ಸ್ಲರಿ ಮುಚ್ಚಳ ಮಾತ್ರ ಬಿಗಿ ಮಾಡಬ್ಯಾಡ್ರಿ, ಒಳಗ ಗ್ಯಾಸ್ ಹುಟ್ತಿರ್ತದ.

ಕುಂದಾನಗರಿ_ಬ್ರೂ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರೀ. ಕಾಕಾ, ಎರಡ ಪ್ರಶ್ನೆ. ಉದ್ಯಮಬಾಗದಾಗ ವೆಲ್ಡಿಂಗಿನವ್ರ ಕಡೆ ಆಕ್ಸಿಜನ್ ಸಿಲಿಂಡರ್ ಸಿಗ್ತೈತಿ, ಪಂಪ್ ಬಿಟ್ಟು ಅದನ್ನ ಹಚ್ಚಲೇನು? ಮತ್ತ ಆ 50 ಲೀಟರ್ ಸ್ಟಾರ್ಟರ್ ಪೂರ್ತಿ ಸುರವಿದ್ರ ಬಿಯರಿನ ರುಚಿ ಕೆಡೂದಿಲ್ಲೇನು?

ಮೊಲ್ಯಾಸಿಸ್_ಕಾಕಾ:
ಸಿಲಿಂಡರ್ ನಡೀತೈತಿ, ಫಿಲ್ಟರ್ ಮಾತ್ರ ಬಿಡಬ್ಯಾಡ್ರಿ, ಅದು ತೊಯ್ದ್ರ ಬದಲಿ ಮಾಡ್ರಿ. ರೆಗ್ಯುಲೇಟರಿಗೆ ಎಣ್ಣಿ, ಗ್ರೀಸು ಮುಟ್ಟಿಸಬ್ಯಾಡ್ರಿ, ಆಕ್ಸಿಜನ್ ಜೋಡಿ ಅದು ಹೊತ್ಗೋತೈತಿ. ಕೆಗ್ ಪೂರ್ತಿ ತುಂಬಿದ್ರ ನೊರಿ ಹೊರಗ ಬರ್ತೈತಿ, ಹಂಗಾಗಿ 40 ಲೀಟರಿಗೆ ನಿಲ್ಲಿಸ್ರಿ, ಸ್ವಲ್ಪ ಕಡಿಮಿ ಆದ್ರ ಗೋಧಿ ಬಿಯರಿಗೆ ಛಲೋನ, ಬಾಳೆಹಣ್ಣಿನ ವಾಸ್ನಿ ಹೆಚ್ಚ ಬರ್ತೈತಿ ಅಂತಾರ. ಸುರವೂದಿದ್ರ ಹಿಂದಿನ ಗೋಧಿ ಬ್ಯಾಚಿನ ವರ್ಟ್ ತೆಗದಿಟ್ಟು ಅದರಾಗ ಬೆಳಸ್ರಿ, ಹೊಸಾ ಬ್ಯಾಚು 460 ಲೀಟರ್ ಮಾಡ್ರಿ, ಬುಸುಬುಸು ನೊರಿ ಏಳೂ ಹೊತ್ತಿಗೆ ಪೂರ್ತಿ ಹಾಕ್ರಿ. ಇಲ್ಲಾಂದ್ರ ಒಂದಿನ ಕೋಲ್ಡ್ ರೂಮಿನ್ಯಾಗ ಇಟ್ಟು ಮ್ಯಾಲಿನ ತಿಳಿ ಚೆಲ್ರಿ, ಗೋಧಿ ತಳಿ ಲಗೂ ಕೆಳಗ ಕುಂದ್ರೂದಿಲ್ಲ ಅನ್ನೂದು ಗೊತ್ತಿರ್ಲಿ.