ಜಿಐ (ಸತು ಲೇಪಿಸಿದ ಕಬ್ಬಿಣ) ಗೇಟಿನ ಪೈಂಟ್ ಪೊರೆ ಕಳಚಿದ ಹಾಗೆ ಏಳ್ತಾ ಉಂಟು. ಪ್ರೈಮರ್ ಹಾಕಿದ್ದೆನಲ್ಲ?

ಸುರತ್ಕಲ್ ಮನೆಯವ:
ಕಳೆದ ಮಾರ್ಚಲ್ಲಿ ಜಿಐ ಪೈಪಿನ ಹೊಸ ಗೇಟ್ ಮಾಡಿಸಿದ್ದು. ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎರಡು ಕೋಟ್ ಹಸಿರು ಎನಾಮಲ್. ಮೇ ತನಕ ಕನ್ನಡಿಯ ಹಾಗೆ ಇತ್ತು. ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಉಗುರು ತಾಗಿಸಿದರೆ ಅಂಗೈ ಅಗಲ ಎದ್ದು ಬರ್ತದೆ, ಪ್ರೈಮರ್ ಸಮೇತ. ಒಳಗೆ ಪೈಪ್ ಬೆಳ್ಳಗೆ ಹೊಳೀತಾ ಉಂಟು, ತುಕ್ಕಿಲ್ಲ. ವಿಚಿತ್ರ ಎಂತ ಅಂದ್ರೆ ವೆಲ್ಡಿಂಗ್ ಜಾಯಿಂಟಿನಲ್ಲಿ ಮಾತ್ರ ಪೈಂಟ್ ಗಟ್ಟಿ ಕೂತಿದೆ. ಪೈಂಟ್ ಡೂಪ್ಲಿಕೇಟ್ ಇರಬಹುದಾ?

ಅಂಗಡಿಬದಿ:
ಟಾಯ್ಲೆಟ್ ಆಸಿಡ್ ಹಾಕಿ ತಿಕ್ಕಿ ತೊಳೆದು ಪುನಃ ಹೊಡೀರಿ. ನನ್ನ ಮಾವ ಹಾಗೇ ಮಾಡಿದ್ದು.

ಬ್ರಶ್ಶು-ಬಾಲ್ದಿ:
ಆಸಿಡ್ ಬೇಡ ಮಾರಾಯ್ರೆ! ಅದು ಸತುವನ್ನೇ ತಿಂದು ಹಾಕ್ತದೆ. ಸಂದಿಯಲ್ಲಿ ಉಳಿದದ್ದು ಆಮೇಲೆ ಒಳಗಿಂದಲೇ ಕೆರೀತದೆ.

ಪೈಂಟಿನದ್ದು ತಪ್ಪಿಲ್ಲ. ಉತ್ತರ ನಿಮ್ಮ ವೆಲ್ಡಿಂಗ್ ಜಾಯಿಂಟಿನಲ್ಲೇ ಉಂಟು. ಅಲ್ಲಿ ಬೆಂಕಿಗೆ ಸತು ಸುಟ್ಟು ಬರೀ ಕಬ್ಬಿಣ ಉಳಿದಿದೆ, ಅದಕ್ಕೆ ರೆಡ್ ಆಕ್ಸೈಡ್ ಹಿಡಿದದ್ದು. ಉಳಿದ ಕಡೆ ಇರುವುದು ಸತು. ಮಾಮೂಲಿ ರೆಡ್ ಆಕ್ಸೈಡ್, ಎನಾಮಲ್ ಎರಡೂ ಎಣ್ಣೆ ಜಾತಿಯವು. ತೇವ ಸೇರಿದ ಕೂಡ್ಲೆ ಆ ಎಣ್ಣೆಯೂ ಸತುವೂ ಕೂಡಿ ಅಡಿಯಲ್ಲಿ ಒಂದು ನಮೂನೆ ಸಾಬೂನು ಆಗ್ತದೆ. ಸಾಬೂನಿನ ಮೇಲೆ ಪೈಂಟ್ ನಿಲ್ತದಾ? ನಾನೂ ಸುರುವಿಗೆ ಒಂದು ಮನೆಯ ಇಡೀ ಗ್ರಿಲ್ ಹೀಗೇ ಹಾಳು ಮಾಡಿ, ಕೈಯಿಂದ ದುಡ್ಡು ಹಾಕಿ ಪುನಃ ಮಾಡಿಕೊಟ್ಟಿದ್ದೇನೆ.

ಸಡಿಲ ಇದ್ದದ್ದನ್ನೆಲ್ಲ ಪೈಂಟ್ ಕೆರೆಯುವ ಪಟ್ಟಿಯಲ್ಲಿ ಕೆರೆದು ತೆಗೀರಿ. ತಿನ್ನರ್ ಬಟ್ಟೆಯಲ್ಲಿ ಒರೆಸಿ, 220 ನಂಬ್ರದ ಎಮರಿ ಪೇಪರಿನಲ್ಲಿ ಹಗುರಕ್ಕೆ ತಿಕ್ಕಿ, ಸತು ಹೋಗುವಷ್ಟು ಅಲ್ಲ. ಆಮೇಲೆ ವಾಶ್ ಪ್ರೈಮರ್, ಸತುವಿಗೂ ಹಿಡಿಯುವಂಥದ್ದು. ಕೆಲವರು ಎಚ್ (etch) ಪ್ರೈಮರ್ ಅಂತಾರೆ. ಎರಡು ಡಬ್ಬದಲ್ಲಿ ಬರ್ತದೆ, ಒಂದರಲ್ಲಿ ಫಾಸ್ಫಾರಿಕ್ ಆಸಿಡ್ ಇರ್ತದೆ, ಪ್ಲಾಸ್ಟಿಕ್ ಬಾಲ್ದಿಯಲ್ಲೇ ಕಲಸಿ. ಅಳತೆ ಡಬ್ಬದ ಮೇಲೆ ಬರೆದ ಹಾಗೆಯೇ. ಕಲಸಿದ್ದನ್ನು ನಾಳೆಗೆ ಇಡ್ಲಿಕ್ಕಿಲ್ಲ.

ಇಲ್ಲಿ ಎಲ್ಲರೂ ಎಡವುವುದು ವಾಶ್ ಪ್ರೈಮರನ್ನು ದಪ್ಪ ಬಳಿದು. ಅದು ತೆಳ್ಳಗೆ ಒಂದೇ ಕೋಟ್, ಅಡಿಯ ಲೋಹ ಮಸುಕಾಗಿ ಕಾಣಬೇಕು. ದಪ್ಪ ಆದರೆ ಅದೇ ಒಡೆದು ಏಳ್ತದೆ. ಮೇಲೆ ಜಿಂಕ್ ಫಾಸ್ಫೇಟ್ ಪ್ರೈಮರ್, ಕಡೆಗೆ ನಿಮ್ಮ ಹಸಿರು.

ಸುರತ್ಕಲ್ ಮನೆಯವ:
ಅಬ್ಬ, ನಾನು ಅಂಗಡಿಯವನ ಹತ್ರ ಜಗಳಕ್ಕೆ ಹೊರಟಿದ್ದೆ! ಗಟ್ಟಿ ಇರುವ ಜಾಯಿಂಟಿನ ಪೈಂಟನ್ನೂ ಕೆರೀಬೇಕಾ? ಚೌತಿಗೆ ಮೊದಲು ಮುಗಿಸಬಹುದಾ?

ಬ್ರಶ್ಶು-ಬಾಲ್ದಿ:
ಗಟ್ಟಿ ಇದ್ದದ್ದು ಇರಲಿ, ಅಂಚು ಮಾತ್ರ ತಿಕ್ಕಿ ಸಪಾಟು ಮಾಡಿ. ವಾಶ್ ಪ್ರೈಮರ್ ಬರೀ ಲೋಹಕ್ಕೆ, ಹಳೆ ಪೈಂಟ್ ಮೇಲೆ ಎಳೀಬೇಡಿ.

ಚೌತಿಗೆ ಆಗ್ಲಿಕ್ಕಿಲ್ಲ. ಗಾಳಿಯಲ್ಲಿ ತೇವ ಇದ್ದರೆ ವಾಶ್ ಪ್ರೈಮರ್ ಬಿಳಿಚಿಕೊಂಡು ಹಿಡಿತ ಬಿಡ್ತದೆ. ದೀಪಾವಳಿ ಕಳೀಲಿ. ಮೊದಲು ಒಂದೇ ಪೈಪಿಗೆ ಹೊಡೆದು ವಾರ ಬಿಟ್ಟು, ಬ್ಲೇಡಿನಲ್ಲಿ ಚೌಕುಳಿ ಗೀರಿ, ಸೆಲ್ಲೋ ಟೇಪ್ ಅಂಟಿಸಿ ಫಕ್ಕನೆ ಎಳೀರಿ. ಟೇಪಿಗೆ ಹಸಿರು ಬಾರದಿದ್ದರೆ ಇಡೀ ಗೇಟಿಗೆ ಕೈ ಹಾಕಿ.