ಸಕ್ಕಿಂಗ್ ಗಾಡಿ ಎಲ್ಲಿ ಖಾಲಿಯಾಗುತ್ತದೆ?

ನಮ್ಮೂರಿನ ಪಟ್ಟಣ ಪಂಚಾಯಿತಿ ಚುನಾವಣೆಯ ಕರಪತ್ರವೊಂದರ ಮೇಲೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ನಡೆದ ಚರ್ಚೆ ಇದು; ಕೊನೆಗೆ ಮಾತು ಬಂದು ನಿಂತದ್ದು ಮನೆಗಳ ಶೌಚದ ಗುಂಡಿಯನ್ನು ಹೀರಿ ಒಯ್ಯುವ ಸಕ್ಕಿಂಗ್ ಗಾಡಿಯ ಮೇಲೆ. ಎಲ್ಲರ ಒಪ್ಪಿಗೆ ಪಡೆದು, ಊರಿನ ಹೆಸರನ್ನೂ ಮಂದಿಯ ಹೆಸರನ್ನೂ ಬಿಟ್ಟು, ನನಗೆ ಯಾರು ಏನಾಗಬೇಕೋ ಆ ಸಂಬಂಧದ ಹೆಸರಿನಲ್ಲೇ ಅವರ ಮಾತುಗಳನ್ನು ಇಲ್ಲಿ ಇಟ್ಟಿದ್ದೇನೆ.

ದೊಡ್ಡಪ್ಪ: (ಕರಪತ್ರದ ಫೋಟೋದೊಂದಿಗೆ) ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರು ನಿನ್ನೆ ಸಂಜೆ ಮನೆಗೆ ಬಂದು ಇದನ್ನು ಕೊಟ್ಟು ಹೋದರು. ಹನ್ನೆರಡು ಭರವಸೆಗಳಿವೆ. ಊರ ಬಾಗಿಲಿಗೆ ಸ್ವಾಗತ ಕಮಾನು, ಸಮುದಾಯ ಭವನ, ವೃತ್ತದಲ್ಲಿ ಹೈಮಾಸ್ಟ್ ದೀಪ, ಎಲ್ಲ ಅಡ್ಡರಸ್ತೆಗಳಿಗೂ ಕಾಂಕ್ರೀಟು ಎಂದೆಲ್ಲ ಬರೆದಿದ್ದಾರೆ. ಹುಡುಗ ವಿನಯವಂತ, ಓದಿದವನು. ಎಲ್ಲರೂ ಒಮ್ಮೆ ಓದಿ ನಿಮ್ಮ ಅಭಿಪ್ರಾಯ ತಿಳಿಸಿ.

ಅಕ್ಕ: ಓದಿದೆ ದೊಡ್ಡಪ್ಪ. ಕುಡಿಯುವ ನೀರು ಒಂಬತ್ತನೆಯ ಸಾಲಿನಲ್ಲಿದೆ, ಅದೂ ‘ಸಮರ್ಪಕ ನೀರು ಪೂರೈಕೆ’ ಎಂಬ ಮೂರೇ ಪದಗಳಲ್ಲಿ. ಸಂತೆ ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯ ಬೇಕೆಂಬುದು ಹನ್ನೆರಡರಲ್ಲಿ ಎಲ್ಲಿಯೂ ಇಲ್ಲ. ಸೋಮವಾರದ ಸಂತೆಗೆ ಸೊಪ್ಪು ತರುವ ಹೆಂಗಸರು ಬೆಳಗಿನ ಐದಕ್ಕೆ ಬಂದು ಕುಳಿತರೆ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಏಕೆ ಕುಡಿಯುವುದಿಲ್ಲ ಎಂದು ಅವರನ್ನೇ ಕೇಳಿ ನೋಡಿ.

ತಮ್ಮ: ನನ್ನ ಮತ ಬೆಂಗಳೂರಿನಲ್ಲಿದೆ, ಆದರೂ ಒಂದು ಮಾತು ಹೇಳುತ್ತೇನೆ. ಬೈಪಾಸ್ ಆದ ಮೇಲೆ ಬಸ್ಸುಗಳೂ ಲಾರಿಗಳೂ ಊರೊಳಗೆ ಬರುವುದನ್ನು ಬಿಟ್ಟವು, ಪೇಟೆ ಬೀದಿಯ ಅರ್ಧ ವ್ಯಾಪಾರ ಹೋಯಿತು. ಹೆದ್ದಾರಿಯ ಮೇಲೆ ಒಂದು ಕಮಾನು ಇದ್ದರೆ ಇಲ್ಲೊಂದು ಊರಿದೆ ಎಂದಾದರೂ ಹೋಗುವವರಿಗೆ ಗೊತ್ತಾಗುತ್ತದೆ. ಅದನ್ನು ಬರೀ ಆಡಂಬರವೆಂದು ತಳ್ಳಿಹಾಕಬೇಡಿ.

ಅತ್ತೆ: ತಳ್ಳಿಹಾಕುವುದಿಲ್ಲ ಮಗು. ಆದರೆ ಯಾವ ದುಡ್ಡಿನಲ್ಲಿ ಕಟ್ಟುತ್ತಾರೆ ಎಂದು ನಾನು ಕೇಳುತ್ತೇನೆ. ನಾನು ಮಹಿಳಾ ಮೀಸಲು ವಾರ್ಡಿನಿಂದ 2018ರ ಆಗಸ್ಟ್ 31ರ ಚುನಾವಣೆಯಲ್ಲಿ ಗೆದ್ದವಳು. ಗೆದ್ದೆವೇ ಹೊರತು, ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟು ಹತ್ತಿದ್ದರಿಂದ 2020ರ ಕೊನೆಯವರೆಗೆ ನಮಗೆ ಕುಳಿತು ಸಭೆ ಮಾಡುವ ಭಾಗ್ಯವೇ ಇರಲಿಲ್ಲ, ಆಡಳಿತಾಧಿಕಾರಿಯ ಕಾಲ. ಸಭೆ ಶುರುವಾದ ಮೇಲೆ ತಿಳಿದದ್ದು ಏನೆಂದರೆ, ಪಟ್ಟಣ ಪಂಚಾಯಿತಿಗೆ ಬರುವ ಹಣದ ಹೆಚ್ಚಿನ ಪಾಲಿಗೆ ಮೊದಲೇ ಹೆಸರು ಬರೆದಿರುತ್ತದೆ. 2021ರಿಂದ 2026ರ ಮಾರ್ಚ್‌ವರೆಗಿನ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಸಣ್ಣ ಪಟ್ಟಣಗಳಿಗೆ ಶೇ. 60 ಭಾಗ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿದ ಹಣವಾಗಿತ್ತು. ಅದರಲ್ಲಿ ಕಮಾನಿನ ಒಂದು ಇಟ್ಟಿಗೆಯನ್ನೂ ಇಡುವಂತಿರಲಿಲ್ಲ. ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ತೆಗೆದಿಡಬೇಕು. ಸದಸ್ಯರು ತಮ್ಮ ಇಚ್ಛೆಯಂತೆ ಖರ್ಚು ಮಾಡಬಹುದಾದದ್ದು ಊರಿನವರು ಕಟ್ಟುವ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಇಷ್ಟೇ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರೂ ಕಟ್ಟುವವರು ಕಡಿಮೆ.

ಅತ್ತೆ: ಇನ್ನೊಂದು ಮಾತು. ಕರಪತ್ರದ ಹನ್ನೊಂದನೆಯ ಭರವಸೆ ‘ತೆರಿಗೆ ಏರಿಸುವುದಿಲ್ಲ’ ಎಂಬುದು. ಮೊದಲನೆಯದು ಕಮಾನು. ಈ ಎರಡನ್ನೂ ಒಬ್ಬನೇ ಹೇಗೆ ನಡೆಸುತ್ತಾನೆಂದು ನನಗೆ ಅರ್ಥವಾಗಿಲ್ಲ.

ಚಿಕ್ಕಪ್ಪ: ನಿಮ್ಮ ಅತ್ತೆ ಹೇಳಿದ್ದು ಸರಿ. ನನ್ನ ದುಃಖ ಬೇರೆ. ಗ್ರಾಮ ಪಂಚಾಯಿತಿಯಾಗಿದ್ದಾಗ ಪಕ್ಷದ ಚಿಹ್ನೆ ಇರಲಿಲ್ಲ, ಗ್ರಾಮಸಭೆ ಇತ್ತು. ಶಾಲೆಯ ಅಂಗಳದಲ್ಲಿ ಎದ್ದು ನಿಂತು ಯಾರಾದರೂ ಲೆಕ್ಕ ಕೇಳಬಹುದಿತ್ತು. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಕೂಲಿ ಸಿಗುತ್ತಿತ್ತು. ಪಟ್ಟಣ ಆದೆವೆಂದು ಪಟಾಕಿ ಹೊಡೆದೆವು, ಎರಡೂ ಹೋದವು. ವಾರ್ಡ್ ಸಮಿತಿ ಕೇಳಲು ಹೋದರೆ, ಮೂರು ಲಕ್ಷ ಜನ ಇರುವ ಊರುಗಳಿಗೆ ಮಾತ್ರ ಅದು ಸಂವಿಧಾನದಲ್ಲಿ ಕಡ್ಡಾಯ ಎಂದರು. ಹಾಗಾಗಿ ಗೆದ್ದವರು ಮೂರು ತಿಂಗಳಿಗೊಮ್ಮೆ ವಾರ್ಡಿನ ಸಭೆ ಕರೆದು ಲೆಕ್ಕ ಓದುತ್ತೇನೆಂದು ಬರೆದುಕೊಟ್ಟರೆ ನನ್ನ ಮತ ಅವರಿಗೆ, ಪಕ್ಷ ಯಾವುದಾದರೂ ಆಗಲಿ.

ನಾನು: ನಿಮ್ಮೆಲ್ಲರ ಮಾತನ್ನೂ ಒಪ್ಪುತ್ತೇನೆ. ಆದರೆ ಈ ಕರಪತ್ರದಲ್ಲಿ ಇಲ್ಲದ, ಇದುವರೆಗೆ ಮನೆಗೆ ಬಂದ ಇನ್ನೂ ಮೂರು ಕರಪತ್ರಗಳಲ್ಲಿಯೂ ಇಲ್ಲದ ಒಂದು ವಿಷಯವಿದೆ. ನಮ್ಮೂರಿನಲ್ಲಿ ಒಳಚರಂಡಿ ಇಲ್ಲ. ಪ್ರತಿ ಮನೆಯ ಹಿಂದೆ ಅಥವಾ ಅಂಗಳದ ಕೆಳಗೆ ಸಿಮೆಂಟ್ ರಿಂಗ್ ಇಳಿಸಿದ ಒಂದು ಗುಂಡಿ ಇದೆ; ನಾವು ಅದನ್ನು ಸೆಪ್ಟಿಕ್ ಟ್ಯಾಂಕ್ ಎಂದು ಕರೆದರೂ ಅದಕ್ಕೆ ತಳವಿಲ್ಲ, ನೀರು ಮಣ್ಣಿಗೆ ಇಂಗುತ್ತದೆ, ಗಟ್ಟಿ ಉಳಿಯುತ್ತದೆ. ತುಂಬಿದಾಗ ಸಕ್ಕಿಂಗ್ ಗಾಡಿಗೆ ಫೋನ್ ಮಾಡುತ್ತೇವೆ. ಕಳೆದ ತಿಂಗಳು ನಮ್ಮ ಮನೆಗೆ ಬಂದಿತ್ತು. ಹಳದಿ ಬಳಿದ ಟ್ಯಾಂಕರು. ದಪ್ಪ ಪೈಪನ್ನು ಹಿತ್ತಲಿನ ಬಾಗಿಲಿನಿಂದ ಎಳೆದು ತಂದು, ಚಪ್ಪಡಿ ಸರಿಸಿ, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಹಣ ಕೊಡುವಾಗ ಇದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದೆ. ಚಾಲಕ ನನ್ನ ಮುಖ ನೋಡಲಿಲ್ಲ, ‘ಹೊರಗಡೆ ಸಾರ್’ ಎಂದಷ್ಟೇ ಹೇಳಿ ಗಾಡಿ ಹತ್ತಿದ. ಆ ಹೊರಗಡೆ ಯಾವುದು ಎಂಬುದೇ ಈ ಚುನಾವಣೆಯ ಮೊದಲ ಪ್ರಶ್ನೆಯಾಗಬೇಕೆಂದು ನಾನು ನಂಬಿದ್ದೇನೆ.

ದೊಡ್ಡಪ್ಪ: ಮನೆಗೆ ಕೈಮುಗಿದು ಬಂದವರ ಮುಂದೆ ಇಂಥ ವಿಷಯ ಎತ್ತುವುದು ನನಗೆ ಸರಿಕಾಣುವುದಿಲ್ಲ. ಮೊದಲು ಕುಡಿಯಲು ನೀರು ಬರಲಿ. ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ನೀರು, ಅದೂ ಮಧ್ಯರಾತ್ರಿ ಕಳೆದ ಮೇಲೆ. ನೀರುಗಂಟಿ ವಾಲ್ವ್ ತಿರುಗಿಸುವ ಸದ್ದಿಗೆ ನಿಮ್ಮ ದೊಡ್ಡಮ್ಮ ಎದ್ದು ಕೂರುತ್ತಾಳೆ. ಮೇಲಿನ ಮನೆಗಳವರು ನಲ್ಲಿಗೇ ಮೋಟಾರು ಹಾಕಿ ನೆಲದೊಳಗಿನ ಸಂಪ್‌ಗೆ ಎಳೆದುಕೊಂಡ ಮೇಲೆ ಕೊನೆಯ ನಮಗೆ ಉಳಿಯುವುದು ಹತ್ತು ಕೊಡ. ಈ ವಯಸ್ಸಿನಲ್ಲಿ ನಾವು ಕೇಳಬೇಕಾದದ್ದು ನೀರನ್ನು, ಕೊಳಚೆಯನ್ನಲ್ಲ.

ನಾನು: ದೊಡ್ಡಪ್ಪ, ಅವೆರಡೂ ಬೇರೆ ಬೇರೆ ಎಂದು ತಿಳಿಯಬೇಡಿ ಎಂದು ವಿನಂತಿಸುತ್ತೇನೆ. ನಲ್ಲಿ ಬಿಟ್ಟ ಮೊದಲ ಐದು ನಿಮಿಷದ ನೀರನ್ನು ದೊಡ್ಡಮ್ಮ ಏಕೆ ಚರಂಡಿಗೆ ಚೆಲ್ಲುತ್ತಾರೆ? ನೀರಿನ ಕೊಳವೆ ಅಲ್ಲಲ್ಲಿ ಚರಂಡಿಯೊಳಗಿನಿಂದಲೇ ಹಾದುಹೋಗಿದೆ. ಎಂಟು ದಿನ ಖಾಲಿ ಬಿದ್ದ ಕೊಳವೆಯಲ್ಲಿ ಒತ್ತಡವಿರುವುದಿಲ್ಲ; ಬಿರುಕು ಬಿಟ್ಟ ಕಡೆ ಸುತ್ತಲಿನ ಕೊಳಚೆ ಒಳಗೆ ಜಿನುಗುತ್ತದೆ. ನಲ್ಲಿಗೆ ಮೋಟಾರು ಹಾಕಿದಾಗ ಅದು ಇನ್ನೂ ಜೋರಾಗಿ ಎಳೆದುಕೊಳ್ಳುತ್ತದೆ. ಹುಬ್ಬಳ್ಳಿ ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಟ್ಟು ತೋರಿಸಿದ್ದರ ದೊಡ್ಡ ಲಾಭ ಅನುಕೂಲವೊಂದೇ ಅಲ್ಲ. ಕೊಳವೆ ಸದಾ ತುಂಬಿ ಒತ್ತಡದಲ್ಲಿದ್ದರೆ ಹೊರಗಿನ ಕೊಳಕು ಒಳಗೆ ಬರಲು ದಾರಿಯಿರುವುದಿಲ್ಲ. ಇನ್ನು ನಮ್ಮ ನೀರಿನ ಮೂಲ ಕೆರೆಯ ಹಿಂದಿನ ಕೊಳವೆಬಾವಿಗಳು. ಗಾಡಿ ಆ ಕೆರೆಯ ಅಂಗಳದಲ್ಲಿ ಖಾಲಿಯಾಗುತ್ತಿದ್ದರೆ, ನಮ್ಮ ಗುಂಡಿಯಿಂದ ಹೋದದ್ದು ನಮ್ಮ ನಲ್ಲಿಗೇ ಹಿಂದಿರುಗುತ್ತದೆ.

ತಮ್ಮ: ಹಾಗಿದ್ದರೆ ಒಳಚರಂಡಿ ಯೋಜನೆಯನ್ನೇ ಕೇಳಬೇಕಲ್ಲವೇ? ಗಾಡಿಯ ವಿಚಾರ ತಾತ್ಕಾಲಿಕ.

ಅತ್ತೆ: ಒಳಚರಂಡಿಯನ್ನು ಹಾಕುವುದು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಹಣ ಕೊಡುವುದು ಸರ್ಕಾರ. ಸದಸ್ಯರು ನಿರ್ಣಯ ಮಾಡಿ ಕಳಿಸಬಹುದು, ಶಾಸಕರ ಬೆನ್ನು ಹತ್ತಬಹುದು. ನಮ್ಮ ಅವಧಿಯಲ್ಲಿ ನಿರ್ಣಯ ಮಾಡಿ ಕಳಿಸಿದ್ದೆವು, ಕಡತ ಮುಂದೆ ಹೋಗಲಿಲ್ಲ. ಯೋಜನೆ ಬಂದ ಊರುಗಳಲ್ಲಿಯೂ ಬೀದಿ ಅಗೆದು ಕೊಳವೆ ಹೂತು ಮನೆ ಮನೆಗೆ ಜೋಡಿಸುವುದರಲ್ಲಿ ವರ್ಷಗಳೇ ಕಳೆಯುತ್ತವೆ. ಅಲ್ಲಿಯವರೆಗೆ ಗುಂಡಿಗಳು ತುಂಬುವುದನ್ನು ನಿಲ್ಲಿಸುವುದಿಲ್ಲ. ಕರಪತ್ರದಂತೆ ಎಲ್ಲ ರಸ್ತೆಗೂ ಈಗಲೇ ಕಾಂಕ್ರೀಟು ಸುರಿದರೆ, ನಾಳೆ ಕೊಳವೆ ಹಾಕಲು ಅದನ್ನೇ ಒಡೆಯಬೇಕು. ಮೊದಲು ನೆಲದೊಳಗಿನ ಕೆಲಸ, ಆಮೇಲೆ ನೆಲದ ಮೇಲಿನದು ಎಂದು ನಾನು ಸಭೆಯಲ್ಲಿ ಹೇಳಿದಾಗ, ಗುತ್ತಿಗೆದಾರರಿಗಿಂತ ಮೊದಲು ನನ್ನ ವಾರ್ಡಿನವರೇ ಮುನಿಸಿಕೊಂಡರು. ರಸ್ತೆ ಕಣ್ಣಿಗೆ ಕಾಣುತ್ತದೆ.

ನಾನು: ಅದಕ್ಕೇ ದೇವನಹಳ್ಳಿಯ ಉದಾಹರಣೆ ಕೊಡುತ್ತೇನೆ. ಅಲ್ಲಿಯೂ ಊರಿಗೆಲ್ಲ ಒಳಚರಂಡಿ ಇರಲಿಲ್ಲ. ಪುರಸಭೆಯೇ ಜಾಗ ಕೊಟ್ಟು, 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಇಡೀ ಪಟ್ಟಣಕ್ಕೆಂದು ಕಟ್ಟಿದವುಗಳಲ್ಲಿ ದೇಶಕ್ಕೇ ಮೊದಲನೆಯದು. ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯ, ಎಂದರೆ ಒಂದೆರಡು ಗಾಡಿ. ಗಾಡಿ ಅಲ್ಲಿಗೆ ಹೋಗಿ ಸುರಿಯುತ್ತದೆ, ಗಟ್ಟಿ ಪದಾರ್ಥ ತೊಟ್ಟಿಗಳಲ್ಲಿ ಕೊಳೆತು, ಆಮೇಲೆ ಜಲ್ಲಿ ಮರಳಿನ ಪಾತಿಯಲ್ಲಿ ಒಣಗುತ್ತದೆ. ಒಣಗಿದ್ದನ್ನು ಊರಿನ ಹಸಿಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುತ್ತಾರೆ. ದೊಡ್ಡ ಯಂತ್ರಗಳಿಲ್ಲ. ಅತ್ತೆ ಹೇಳಿದ ಆ ಶೇ. 60 ಅನುದಾನ ಇಂಥದಕ್ಕೆಂದೇ ಇದ್ದದ್ದಲ್ಲವೇ?

ಚಿಕ್ಕಪ್ಪ: ಇದನ್ನು ಊರಿನ ಯಾವ ಮೂಲೆಯಲ್ಲಿ ಕಟ್ಟುತ್ತೀರಿ? ಖಾಲಿ ಜಾಗ ಎಂದರೆ ಕಸ ಸುರಿಯುವ ಗೋಮಾಳ, ಅದರ ಪಕ್ಕ ನನ್ನ ತೋಟ. ಇಡೀ ಊರಿನ ಕಸ ಈಗಾಗಲೇ ನನ್ನ ಬೇಲಿಯ ಆಚೆ ಹೊಗೆಯಾಡುತ್ತಿದೆ. ಪೇಟೆಯವರ ಗುಂಡಿಯೂ ಅಲ್ಲಿಗೇ ಬರಲಿ ಎಂದರೆ ನಾನು ಸುಮ್ಮನಿರುವುದಿಲ್ಲ, ಮಗನೇ. ನಿನ್ನ ಮೇಲೆ ಸಿಟ್ಟಲ್ಲ. ತೊಂದರೆಯನ್ನು ಪ್ರತಿಸಲವೂ ಒಂದೇ ಕಡೆಯವರು ಹೊರಬೇಕೆಂಬ ಲೆಕ್ಕ ನ್ಯಾಯವಲ್ಲ.

ಅಕ್ಕ: ಚಿಕ್ಕಪ್ಪನ ಮಾತು ನ್ಯಾಯವಾಗಿದೆ. ಕಸಕ್ಕೆ ಬೆಂಕಿ ಹಾಕುವುದನ್ನು ಮೊದಲು ನಿಲ್ಲಿಸದೆ ಅಲ್ಲಿ ಎರಡನೆಯ ಘಟಕ ತರುವ ಹಕ್ಕು ಯಾರಿಗೂ ಇಲ್ಲ. 2016ರ ಘನತ್ಯಾಜ್ಯ ನಿಯಮಗಳ ಕಾಲದಿಂದಲೂ ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂದಿದೆ. ನಮ್ಮ ಬೀದಿಯಲ್ಲಿ ಎಷ್ಟು ಮನೆಯವರು ಎರಡು ಬಕೆಟ್ ಇಟ್ಟಿದ್ದಾರೆ?

ಚಿಕ್ಕಪ್ಪ: (ಒಂದು ಗಂಟೆಯ ನಂತರ) ಒಂದು ವಿಷಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಎರಡು ಬೇಸಿಗೆಯ ಹಿಂದೆ ನಾನೇ ಆ ಗಾಡಿಯವನನ್ನು ಕರೆದು ತೆಂಗಿನ ಸಾಲಿನ ನಡುವೆ ನಾಲ್ಕು ಗಾಡಿ ಸುರಿಸಿಕೊಂಡೆ. ಗೊಬ್ಬರದ ಚೀಲದ ಬೆಲೆ ಏರಿತ್ತು, ಇದು ಪುಕ್ಕಟೆ. ಗರಿ ಹಸಿರಾಯಿತು, ನಿಜ. ಆದರೆ ಆ ತಿಂಗಳು ಕಾಯಿ ಕೆಡವಲು ಬಂದವರು ತೋಟದೊಳಗೆ ಕಾಲಿಡಲಿಲ್ಲ, ಮನೆಯಲ್ಲಿ ಮಕ್ಕಳಿಗೆ ಭೇದಿ ಹತ್ತಿತು. ಅದರಿಂದಲೇ ಹತ್ತಿತೆಂದು ಪ್ರಮಾಣ ಮಾಡಲಾರೆ. ಆಮೇಲೆ ನಾನು ಕರೆಯಲಿಲ್ಲ.

ನಾನು: ನೀವು ಇದನ್ನು ಹೇಳಿದ್ದಕ್ಕೆ ಕೈಮುಗಿಯುತ್ತೇನೆ ಚಿಕ್ಕಪ್ಪ. ಹಸಿಯಾಗಿ ಸುರಿದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ. ಒಣಗಿಸಿ, ಕಸದೊಂದಿಗೆ ಕಾವಿನಲ್ಲಿ ಕೊಳೆಸಿದರೆ ಸಾಯುತ್ತವೆ. ನಿಮ್ಮ ತೋಟಕ್ಕೆ ಬೇಕಾದದ್ದು ಅದೇ ಸಾರ, ಹದ ಮಾಡಿದ ರೂಪದಲ್ಲಿ. ಜಾಗದ ಪ್ರಶ್ನೆಯನ್ನು ಮಾತ್ರ ನಿಮ್ಮಂಥ ಅಕ್ಕಪಕ್ಕದ ತೋಟದವರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ನೀವು ಕೇಳುತ್ತಿರುವ ವಾರ್ಡಿನ ಸಭೆ ಇಂಥದಕ್ಕೇ ಬೇಕು.

ಅತ್ತೆ: ಗಾಡಿಯ ಪೈಪು ತಲುಪದ ಓಣಿಗಳನ್ನು ಮರೆಯಬೇಡಿ. ನನ್ನ ವಾರ್ಡಿನ ಹಿಂದಿನ ಓಣಿ ಒಂದು ಸೈಕಲ್ಲು ಹೋಗುವಷ್ಟೇ ಅಗಲ. ಅಲ್ಲಿಯವರು ಗುಂಡಿ ತುಂಬಿದಾಗ ಏನು ಮಾಡುತ್ತಾರೆಂದು ನಾವು ಕೇಳುವುದೇ ಇಲ್ಲ. ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಪಂಚಾಯಿತಿಯೇ ಸಣ್ಣ ಗಾಡಿಯೊಂದನ್ನೂ ಉದ್ದನೆಯ ಪೈಪನ್ನೂ ಇಟ್ಟುಕೊಂಡರೆ ಒಂದು ಜೀವ ಉಳಿಯುತ್ತದೆ. ಇದನ್ನು ಯಾವ ಕರಪತ್ರದಲ್ಲಾದರೂ ಓದಬೇಕೆಂಬುದು ನನ್ನ ಆಸೆ.

ಅಕ್ಕ: (ಮರುದಿನ ಸಂಜೆ) ಅದೇ ಅಭ್ಯರ್ಥಿ ಈಗ ನಮ್ಮ ಮನೆಗೆ ಬಂದಿದ್ದರು. ಕೂರಿಸಿ, ನೀರು ಕೊಟ್ಟು, ಕೇಳಿದೆ. ಸಂತೆ ಮೈದಾನದ ಶೌಚಾಲಯಕ್ಕೆ ‘ಖಂಡಿತ ಮಾಡಿಸೋಣ ಅಕ್ಕಾ’ ಎಂದು ತಕ್ಷಣ ಒಪ್ಪಿದರು. ಸಕ್ಕಿಂಗ್ ಗಾಡಿ ಎಲ್ಲಿ ಖಾಲಿಯಾಗುತ್ತದೆ ಎಂದಾಗ ಪಕ್ಕದಲ್ಲಿದ್ದವರ ಕಡೆ ತಿರುಗಿದರು. ಅವರು ಸ್ವಲ್ಪ ಹೊತ್ತು ಯೋಚಿಸಿ ‘ಬೈಪಾಸ್ ದಾಟಿ, ಮೋರಿಯ ಹತ್ತಿರ’ ಎಂದರು. ಅಭ್ಯರ್ಥಿ ಜೇಬಿನಿಂದ ಕರಪತ್ರ ತೆಗೆದು ಅದರ ಹಿಂಬದಿಯಲ್ಲಿ ಬರೆದುಕೊಂಡರು. ಅದು ಅವರಿಗೂ ಗೊತ್ತಿರಲಿಲ್ಲವೆಂದೇ ನನಗೆ ಅನಿಸಿತು.

ಚಿಕ್ಕಪ್ಪ: ಬೈಪಾಸಿನ ಮೋರಿಯ ನೀರು ಕೆರೆಗೇ ಬಂದು ಬೀಳುತ್ತದೆ. ಅದು ನಮ್ಮ ಕೆರೆಯ ತಲೆಕಾಲುವೆ.

ದೊಡ್ಡಪ್ಪ: ಭಾನುವಾರ ಸಂಜೆ ಆರಕ್ಕೆ ದೇವಸ್ಥಾನದ ಜಗಲಿಯಲ್ಲಿ ಸಭೆ ಇಟ್ಟಿದ್ದಾರೆ. ನಾನು ಹೋಗುತ್ತೇನೆ. ತಂಗಿ, ನೀನು ಆ ಅನುದಾನದ ಲೆಕ್ಕವನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಳಿಸು, ನನಗೆ ಕನ್ನಡಕ ಹಾಕಿದರೂ ಸಣ್ಣಕ್ಷರ ಕಾಣುವುದಿಲ್ಲ. ಗಾಡಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ.